ಎಣಿಸದ ಹಿಂಡಿನ ಸಮೀಕ್ಷೆ

ಕುರಿಗಾರರು ಮೊಬೈಲಿನಲ್ಲಿ ತುಂಬಿ ಕಳಿಸಿದ ಮೊದಲ ಉತ್ತರಗಳನ್ನು ಪರದೆಯ ಮೇಲೆ ತೆರೆದ ದಿನ, ಗೋಕಾಕದ ನಮ್ಮ ಕಾಲೇಜಿನ ಇಕ್ಕಟ್ಟು ಕೋಣೆಯಲ್ಲಿ ಎಲ್ಲರೂ ಪರದೆಯ ಹತ್ತಿರಕ್ಕೆ ಬಗ್ಗಿದರು. ‘ನಿಮ್ಮ ಹತ್ತಿರ ಒಟ್ಟು ಎಷ್ಟು ಕುರಿಗಳಿವೆ?’ ಎಂಬ ಪ್ರಶ್ನೆಯ ಕೆಳಗೆ ಒಂದು, ಒಂದು, ಒಂದು ಎಂದೇ ಸಾಲುಗಟ್ಟಿತ್ತು. ನಮ್ಮ ಭಾಗದಲ್ಲಿ ರಸ್ತೆ ತುಂಬ ಹಿಂಡು ಹೊಡೆದುಕೊಂಡು ಹೋಗುವವರೆಲ್ಲ ತಲಾ ಒಂದೊಂದೇ ಕುರಿ ಸಾಕಿಕೊಂಡಿದ್ದಾರೆ ಎಂದು ನಮ್ಮ ಸಮೀಕ್ಷೆ ಹೇಳುತ್ತಿತ್ತು.

“ಮೇಡಂ, ಇದು ಚಾಷ್ಟಿರಿ. ಯಾರೋ ಖಾಲಿ ಕುಂತಾವ್ರು ಸುಮ್ನ ಒತ್ತ್ಯಾರ. ಇವನ್ನೆಲ್ಲಾ ತಗದು ಒಗೀರಿ,” ಎಂದರು ಪಶುವೈದ್ಯ ಸರ್. ಈ ಸಂಶೋಧನೆಯ ಮುಖ್ಯಸ್ಥರು ಅವರೇ.

ನನಗೆ ನಗು ಬಂತು, ಜೊತೆಗೆ ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬರುವುದು ನನ್ನ ಜಾಯಮಾನ. ಆ ಕೋಣೆಯಲ್ಲಿ ಕುರಿಗಾರರ ಮನೆಯಲ್ಲಿ ಹುಟ್ಟಿದವಳು ನಾನೊಬ್ಬಳೇ ಇದ್ದೆ. ನನ್ನ ತವರು ಹುಕ್ಕೇರಿ ಕಡೆಯ ಒಂದು ಹಳ್ಳಿ. ಮದುವೆಯಾಗಿ ಮೂಡಲಗಿ ಸೇರಿದವಳು, ದಿನಾ ಬಸ್ಸು ಹಿಡಿದು ಗೋಕಾಕಕ್ಕೆ ಬಂದು ಅತಿಥಿ ಉಪನ್ಯಾಸಕಿಯಾಗಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಅತಿಥಿ ಎಂದರೆ ಕೂರಿಸಿ ಉಪಚಾರ ಮಾಡುತ್ತಾರೆ ಎಂದುಕೊಳ್ಳಬೇಡಿ. ಇಂಥ ಸಂಶೋಧನೆಗಳಲ್ಲಿ ಬೇರೆ ಯಾರೂ ಮಾಡದ ಕೆಲಸ ನಮ್ಮ ಪಾಲಿಗೆ ಬರುತ್ತದೆ.

ನಮ್ಮಲ್ಲಿ ಕುರಿ ಎಣಿಸುವುದಿಲ್ಲ. ಎಣಿಸಿದರೂ ಬಾಯಿ ಬಿಟ್ಟು ಹೇಳುವುದಿಲ್ಲ. ಸಂಖ್ಯೆ ಬಾಯಿಂದ ಹೊರಬಿದ್ದರೆ ದೃಷ್ಟಿ ತಾಗುತ್ತದೆ, ಹಿಂಡು ಕರಗುತ್ತದೆ ಎಂಬ ಹೆದರಿಕೆ. ಯಾರಾದರೂ ಎಷ್ಟು ಕುರಿ ಎಂದು ಕೇಳಿದರೆ “ಅದಾವ್ರಿ, ದೇವರು ಕೊಟ್ಟಷ್ಟು” ಎಂದು ಹೇಳಿ ಮಾತು ಬದಲಿಸುವುದು ನಮ್ಮ ರೂಢಿ. ಕೇಳಿದವನು ಬುದ್ಧಿವಂತನಾದರೆ ಅಲ್ಲಿಗೇ ಬಿಡುತ್ತಾನೆ. ನನ್ನ ಅಪ್ಪ ಸಂಜೆ ಕುರಿಗಳನ್ನು ಗೂಟಕ್ಕೆ ಕಟ್ಟಿದ ಬಲೆಯ ದೊಡ್ಡಿಯೊಳಗೆ ಕೂಡಿಹಾಕುವಾಗ ಒಮ್ಮೆ ಕಣ್ಣಾಡಿಸಿ, “ಕುಂಟಿ ಬಂದಿಲ್ಲ ನೋಡು” ಎನ್ನುತ್ತಿದ್ದ. ಅವನಿಗೆ ಮುಖಗಳು ಗೊತ್ತಿದ್ದವು, ಒಟ್ಟು ಬೇಕಾಗಿರಲಿಲ್ಲ. ಅಂಥವನ ಮಗಳು ಸರಾಸರಿ, ಶೇಕಡಾ ಎಂದು ಹಲಗೆಯ ಮೇಲೆ ಬರೆದು ಹೊಟ್ಟೆ ಹೊರೆಯುವುದನ್ನು ನೆನೆದು ನನ್ನ ಅಣ್ಣ ಈಗಲೂ ನಗುತ್ತಾನೆ.

ನಮ್ಮ ಆನ್‌ಲೈನ್ ಸಮೀಕ್ಷೆಯಲ್ಲಿ ಆ ಪ್ರಶ್ನೆಗೆ ಅಂಕಿ ಹಾಕದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಸಂಖ್ಯೆ ಹೇಳುವಂತಿಲ್ಲ, ಹೇಳದಿದ್ದರೆ ಬಿಡುವಂತಿಲ್ಲ. ಹಾಗಾಗಿ ಒಬ್ಬೊಬ್ಬರೂ ತಮ್ಮ ತಮ್ಮ ಜಾಗದಲ್ಲಿ, ಯಾರೂ ಯಾರನ್ನೂ ಕೇಳದೆ, ಒಂದು ಎಂದು ಒತ್ತಿದ್ದರು. ಒಂದು ಹಿಂಡು.

ಇದನ್ನು ಬಿಡಿಸಿ ಹೇಳಿದಾಗ ಪಶುವೈದ್ಯ ಸರ್ ಕನ್ನಡಕ ತೆಗೆದು ಒರೆಸಿದರು. “ಹಂಗಾದ್ರ ಏನ್ ಮಾಡೂಣ?” ಎಂದು ಕೇಳಿದರು. ಅವರು ಕೆಟ್ಟವರಲ್ಲ. ಅವಸರದವರು, ಅಷ್ಟೇ.

ಆ ಸಮೀಕ್ಷೆಗೆ ಒಬ್ಬರಲ್ಲ, ನಾಲ್ಕು ವಿಭಾಗದವರು ಕೈ ಹಾಕಿದ್ದರು. ಪಶುವೈದ್ಯರಿಗೆ ರೋಗದ ಸುದ್ದಿ ಬೇಕು, ಅರ್ಥಶಾಸ್ತ್ರದವರಿಗೆ ಆದಾಯ, ಸಮಾಜಶಾಸ್ತ್ರದ ಮೇಡಂಗೆ ಮಕ್ಕಳ ಶಾಲೆ, ಭೂಗೋಳದವರಿಗೆ ಹಿಂಡು ಓಡಾಡುವ ದಾರಿ. ಊರೂರು ಅಲೆಯುವ ಜನರನ್ನು ಹುಡುಕಿಕೊಂಡು ಹೋಗುವುದು ಕಷ್ಟ, ಮೊಬೈಲು ಮಾತ್ರ ಎಲ್ಲರ ಕಿಸೆಯಲ್ಲೂ ಇದೆ, ಲಿಂಕ್ ಕಳಿಸಿದರೆ ಆಯಿತು ಎಂಬ ಲೆಕ್ಕ. ನಾಲ್ಕೂ ಕಡೆಯಿಂದ ಪ್ರಶ್ನೆ ಬಂದು ಬಿದ್ದು, ಕುರಿಗಾರ ಉತ್ತರ ಮುಗಿಸುವಷ್ಟರಲ್ಲಿ ಅವನ ಕುರಿಗಳು ಪಕ್ಕದವರ ಬೆಳೆ ಮೇದು ಮುಗಿಸುವಷ್ಟು ಪಟ್ಟಿ ಉದ್ದವಾಗಿತ್ತು. ನಾನು ಜಗಳಾಡಿ ಜಗಳಾಡಿ ಕತ್ತರಿಸಿದೆ. ಎಷ್ಟು ಕುರಿ ಎಂಬುದನ್ನು ತೆಗೆದು, ಸಣ್ಣ ಹಿಂಡೋ, ನಡುವಿನದೋ, ದೊಡ್ಡದೋ ಎಂದು ಮಾಡಿದೆ. ‘ಕಳೆದ ತಿಂಗಳಲ್ಲಿ ಎಷ್ಟು ಕುರಿ ಸತ್ತಿವೆ?’ ಎಂಬ ಪ್ರಶ್ನೆಗೆ ಮಾತ್ರ ಅಂಕಿಯೇ ಬೇಕೆಂದು ಸರ್ ಹಟ ಹಿಡಿದರು. ರೋಗ ಹಬ್ಬುತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅದು ಬೇಕೇ ಬೇಕು ಎಂಬುದು ನನಗೂ ಗೊತ್ತಿತ್ತು.

ಆಮೇಲೆ ನಮ್ಮ ಮಾತಿನಲ್ಲೇ ಒಂದು ಧ್ವನಿ ಸಂದೇಶ ಮಾಡಿ ಕುರಿಗಾರರ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದೆ. “ಕಾಕಾಗೋಳ, ಅಣ್ಣಾಗೋಳ, ನಾ ನಿಮ್ಮ ಮನಿ ಮಗಳು ಮಾತಾಡಾಕತ್ತೇನಿ. ನಿಮ್ಮ ಹೆಸರು ಕೇಳಂಗಿಲ್ಲ, ಫೋನ್ ನಂಬರ್ ಕೇಳಂಗಿಲ್ಲ. ನೀವು ಏನ್ ಬರದ್ರೂ ಯಾರು ಬರದ್ರಂತ ಹೊರಗ ಹೋಗಂಗಿಲ್ಲ. ಮಾತು ಕೊಡ್ತೇನಿ.” ಆ ಧ್ವನಿ ಎಲ್ಲಿಂದ ಎಲ್ಲಿಗೋ ಹೋಯಿತು. ಅದನ್ನು ನಂಬಿಯೇ ಜನ ಮತ್ತೆ ತುಂಬಿದರು.

ಆ ವಾರದ ಶುಕ್ರವಾರ ಸಂಜೆ ಲಿಂಕ್ ಮುಚ್ಚುವುದಿತ್ತು. ರೋಗ ಕಾಣಿಸಿದ ಕಡೆಗೆ ಮೊದಲು ಲಸಿಕೆಯ ತಂಡ ಕಳಿಸುವಂತೆ ಪಶುವೈದ್ಯ ಸರ್ ಮಾತಾಡಿ ಇಟ್ಟಿದ್ದರು. ಎಲ್ಲೂ ಕಾಣದಿದ್ದರೆ ತಂಡ ಮೂಡಲಗಿ ಕಡೆಯಿಂದ ಶುರು ಮಾಡಿ, ಸುತ್ತಾಡಿ, ಹುಕ್ಕೇರಿ ಮುಟ್ಟುವಷ್ಟರಲ್ಲಿ ಬಹಳ ದಿನ ಹಿಡಿಯುತ್ತಿತ್ತು.

ಮಂಗಳವಾರದವರೆಗೆ ಸತ್ತ ಕುರಿಗಳ ಲೆಕ್ಕ ಎಲ್ಲ ಕಡೆಯಿಂದಲೂ ಸೊನ್ನೆ ಬಂತು. ಉತ್ತರ ಬಂದ ಊರುಗಳ ನಕಾಶೆಯ ಮೇಲೆ ಎಲ್ಲ ಹಸಿರು ಚುಕ್ಕೆ. ಸರ್ ಖುಷಿಯಾಗಿ ಎಲ್ಲರಿಗೂ ಚಹಾ ತರಿಸಿದರು. ಕುರಿ ಎಷ್ಟಿವೆ ಎಂದು ಹೇಳಲು ಹೆದರುವ ಜನ ಸತ್ತದ್ದನ್ನು ಹೇಳುತ್ತಾರೆಯೇ ಎಂದು ನನಗೊಂದು ಅನುಮಾನ ಇತ್ತು. ಆದರೆ ಅನುಮಾನವನ್ನು ನಕಾಶೆಯ ಮೇಲೆ ಹಚ್ಚಲು ಬರುವುದಿಲ್ಲವಲ್ಲ. ನಾನೂ ಚಹಾ ಕುಡಿದೆ.

ಬುಧವಾರ ಬೆಳಿಗ್ಗೆ ಬಸ್ಸು ಅರಭಾವಿಯಲ್ಲಿ ನಿಂತು ಕಾಲೇಜಿನ ಹುಡುಗಿಯರು ಹತ್ತಿ ಇಳಿಯುತ್ತಿದ್ದಾಗ ಅಣ್ಣನಿಗೆ ಫೋನ್ ಮಾಡಿದೆ. ಅವನು ಹಿಂಡಿನೊಡನೆ ಸಂಕೇಶ್ವರದ ಹತ್ತಿರ, ಹಿರಣ್ಯಕೇಶಿ ದಂಡೆಯ ಕಬ್ಬು ಕಡಿದ ಹೊಲವೊಂದರಲ್ಲಿ ಇದ್ದ. ಹೀಗೆ ರಾತ್ರಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಜೋಳ, ಕುರಿಗಳಿಗೆ ಮೇವು. ಸುಮ್ಮನೆ ಹೇಗಿದ್ದೀ ಎಂದು ಕೇಳಲು ಮಾಡಿದ ಫೋನು ಅದು. ಅವನ ಮಾತಿನ ಹಿಂದೆ ಕೆಮ್ಮು ಕೇಳಿಸಿತು. ಒಂದು ಕುರಿಯ ಕೆಮ್ಮಲ್ಲ. ಒಂದು ಮುಗಿಸುವ ಮೊದಲೇ ಇನ್ನೊಂದು, ಅದರ ಮೇಲೆ ಮತ್ತೊಂದು.

“ಅಣ್ಣಾ, ಕುರಿ ಯಾಕ ಕೆಮ್ಮಾಕತ್ತಾವ?”

“ರವದಿ ಧೂಳು,” ಎಂದ. ಕಬ್ಬಿನ ಒಣಗರಿಯ ಧೂಳು ಎಂಬ ಅರ್ಥದಲ್ಲಿ.

“ಅಣ್ಣಾ, ಖರೆ ಹೇಳು.”

ಫೋನ್ ಇಟ್ಟುಬಿಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಮಧ್ಯಾಹ್ನ ಪಾಠದ ನಡುವೆ ವೈನಿಯ ಫೋನ್ ಬಂತು. ಅಣ್ಣನ ಹೆಂಡತಿ ಅವಳು, ಏಳನೆಯ ತರಗತಿಯವರೆಗೆ ಓದಿದವಳು. ಅಣ್ಣನ ಪರವಾಗಿ ಸಮೀಕ್ಷೆ ತುಂಬಿದ್ದೂ ಅವಳೇ. ಹೊರಗೆ ಹೋಗಿ ಎತ್ತಿದೆ.

“ಯವ್ವಾ, ನಿಮ್ಮಣ್ಣಗ ಹೇಳಬ್ಯಾಡ. ಮೂಗಿನ್ಯಾಗ ಸುರ್ಯಾಕತ್ತೈತಿ, ಬಾಯಾಗ ಹುಣ್ಣು, ಮೇಯವಲ್ವು. ದಿನಾ ಹೋಗಾಕತ್ತಾವ. ಹೊಲದ ಸಾವ್ಕಾರ್ರು ಏಳೂಕಿಂತ ಮದ್ಲ ಇವ್ರು ಒಯ್ದು ಹುಗದು ಬರ್ತಾರ.” ಸ್ವಲ್ಪ ತಡೆದು, “ಕಾಕಾ ತನ್ನ ಕುರಿ ಹೊಡ್ಕೊಂಡು ಹುಕ್ಕೇರಿ ದಾರ್ಯಾಗ ಅದಾನು. ಶನಿವಾರ ಮುಂಜಾನಿ ಇದಽ ಹೊಲಕ್ಕ ಬರ್ತಾನು,” ಎಂದಳು.

ಕಾಕಾ ಎಂದರೆ ಅಪ್ಪನ ತಮ್ಮ. ಅಪ್ಪ ತೀರಿಕೊಂಡ ಮೇಲೆ ಅಣ್ಣನ ಕೈಗೆ ಹಿಂಡು ಕೊಟ್ಟು ಕಲಿಸಿದವನು, ನನ್ನನ್ನು ಸಾಲಿ ಬಿಡಿಸಬಾರದು ಎಂದು ಮನೆಯವರ ಜೊತೆ ಹೊಡೆದಾಡಿದವನು. ಈ ಬೇನೆ ಒಂದು ಹಿಂಡಿನಿಂದ ಇನ್ನೊಂದಕ್ಕೆ ಹಾಯಲು ಒಂದೇ ಹೊಲ, ಒಂದೇ ನೀರು ಸಾಕು. ಆರೋಗ್ಯವಾಗಿರುವ ಹಿಂಡಿಗೆ ಮೊದಲೇ ಲಸಿಕೆ ಬಿದ್ದರೆ ಉಳಿಯುತ್ತದೆ. ಬೇನೆ ಹತ್ತಿದ ಮೇಲೆ ಲಸಿಕೆಯಿಂದ ಏನೂ ಆಗುವುದಿಲ್ಲ.

ಅಂದರೆ ನಕಾಶೆಯ ಆ ಹಸಿರು ಚುಕ್ಕೆಗಳಲ್ಲಿ ಒಂದು ಸುಳ್ಳು, ಅದು ನನ್ನ ಮನೆಯದು.

ಲಸಿಕೆಯ ತಂಡ ಮೊದಲು ಅಲ್ಲಿಗೆ ಬರಲು ಒಂದು ಚುಕ್ಕೆ ಕೆಂಪಾದರೆ ಸಾಕಿತ್ತು. ಲಿಂಕ್ ನನ್ನ ಕೈಯಲ್ಲೇ ಇತ್ತು. ನಾನೇ ಕುಳಿತು ಹೊಸದೊಂದು ಉತ್ತರ ತುಂಬಿದರೆ ಯಾವ ಮನುಷ್ಯನಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ‘ಸಮೀಕ್ಷೆ ನಡೆಸುವವರು ಬೇರೆಯವರ ಪರವಾಗಿ ಉತ್ತರ ತುಂಬಬಾರದು’ ಎಂದು ನಿಯಮ ಬರೆದವಳು ನಾನು. ಹಾಗೆ ತುಂಬಿದ ಪ್ರಾಜೆಕ್ಟ್ ವಿದ್ಯಾರ್ಥಿಗಳನ್ನು ಹಿಡಿದು ಕಣ್ಣೀರು ಬರುವ ಹಾಗೆ ಬೈದವಳೂ ನಾನೇ. ಸರ್‌ಗೆ ಬಾಯಿಮಾತಿನಲ್ಲಿ ಹೇಳೋಣವೆಂದರೆ, ಯಾರದೆಂದು ಹೊರಗೆ ಹೋಗುವುದಿಲ್ಲ ಎಂದು ಕೊಟ್ಟ ಮಾತು ಎಲ್ಲರ ಫೋನಿನಲ್ಲಿ ಇನ್ನೂ ಕುಳಿತಿತ್ತು. ಕಾಕಾನಿಗೇ ಹೇಳಿದರೆ, ಅವನಿಗೆ ಗುಟ್ಟು ಮಾಡಿ ಗೊತ್ತಿಲ್ಲ, ಸಂಜೆಯೊಳಗೆ ಎಲ್ಲ ಹಿಂಡುಗಳಿಗೂ ತಿಳಿಯುತ್ತಿತ್ತು. ಬೇನೆಯ ಕುರಿ ಮುಚ್ಚಿಟ್ಟವನು ಎಂದು ಅಣ್ಣನ ಹೆಸರು ಹೋದರೆ ಮುಂದೆ ಅವನನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ಗುರುವಾರ ಇಡೀ ದಿನ ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದೆ. ಮನೆಯವರು ಮಾತಾಡಿಸಿದರೆ ಸಿಡಿಮಿಡಿ ಎಂದೆ. ಎರಡು ಸಲ ಲಿಂಕ್ ತೆರೆದೆ, ಎರಡು ಸಲವೂ ಮುಚ್ಚಿದೆ. ಕಡೆಗೆ ಒಂದನ್ನು ಗಟ್ಟಿ ಮಾಡಿಕೊಂಡೆ: ಅಣ್ಣನ ಬಾಯಿಂದಲೇ ಹೇಳಿಸಬೇಕು. ಅವನು ಹೇಳದಿದ್ದರೆ ಕಾಕಾನಿಗೆ ಫೋನ್ ಹಚ್ಚುವುದು, ಮಾತು ಮುರಿದರೆ ಮುರಿಯಲಿ.

ಶುಕ್ರವಾರ ರಜೆ ಹಾಕಿ ಹೊರಟೆ. ಗೋಕಾಕದಲ್ಲಿ ಬಸ್ಸು ಬದಲಿಸಿ, ಘಟಪ್ರಭಾ ದಾಟಿ ಹುಕ್ಕೇರಿ ದಾರಿ ಹಿಡಿದಾಗ ಕಿಟಕಿಗೆ ಮುಖ ಹಚ್ಚಿ ಕಾಕಾನ ಹಿಂಡು ಕಾಣುತ್ತದೆಯೇ ಎಂದು ನೋಡುತ್ತ ಕುಳಿತೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದಷ್ಟೂ ಟ್ರ್ಯಾಕ್ಟರಿನವನು ಹಾಡು ಜೋರು ಮಾಡುತ್ತಿದ್ದ. ನನಗೆ ಇಳಿದು ಹೋಗಿ ಇಬ್ಬರಿಗೂ ಬಾರಿಸಬೇಕು ಎನಿಸಿತು. ಹುಕ್ಕೇರಿ ದಾಟಿದ ಮೇಲೆ, ದೂರದ ಒಂದು ಬೀಳು ನೆಲದಲ್ಲಿ ಕರಿಯ ಕುರಿಗಳು, ಬೆನ್ನ ಮೇಲೆ ಹಾಸಿಗೆ ಪಾತ್ರೆ ಹೇರಿಕೊಂಡ ಕುದುರೆ, ಕೋಲಿಗೆ ಗದ್ದ ಊರಿ ನಿಂತ ಒಬ್ಬ ಮನುಷ್ಯ ಕಂಡರು. ಕಾಕಾ ನಿಲ್ಲುವುದು ಹಾಗೆಯೇ. ಬಸ್ಸು ಮುಂದೆ ಹೋಗಿಬಿಟ್ಟಿತು. ಅವನು ಎಷ್ಟು ಹತ್ತಿರ ಬಂದಿದ್ದಾನೆ ಎಂಬುದು ಮಾತ್ರ ಎದೆಯಲ್ಲಿ ಉಳಿಯಿತು.

ನಾನು ಹೊಲ ಮುಟ್ಟಿದಾಗ ಬಿಸಿಲು ಇಳಿಯಲು ಶುರುವಾಗಿತ್ತು. ಗಾಳಿಯಲ್ಲಿ ಸಕ್ಕರೆ ಕಾರ್ಖಾನೆಯ ವಾಸನೆ. ಅಣ್ಣ ಬದುವಿನ ಮೇಲೆ ಕುಳಿತಿದ್ದ, ಅವನ ಪಕ್ಕದಲ್ಲಿ ಹೊಲದ ಮಾಲೀಕರು, ಸ್ವಲ್ಪ ಆಚೆ ಒಲೆಯ ಮುಂದೆ ವೈನಿ. ನನ್ನನ್ನು ಕಂಡದ್ದೇ ಅಣ್ಣನ ಮುಖ ಬಿಗಿಯಿತು.

“ಯಾಕ ಬಂದಿ?”

“ವೈನಿ ಕೈಯಾನ ರೊಟ್ಟಿ ತಿನ್ನಾಕ,” ಎಂದೆ.

ಮಾಲೀಕರು ನಕ್ಕರು. “ಬಾರವಾ, ಕುಂದ್ರು. ನಿಮ್ಮ ತಂಗಿ ಏನಪಾ, ಕಾಲೇಜಿನ್ಯಾಗ ಕಲಸಾಕಿ?” ಎಂದು ಅಣ್ಣನನ್ನು ಕೇಳಿದರು. ಹಿಂದೆ ಕುರಿಗಳು ಕೆಮ್ಮುತ್ತಲೇ ಇದ್ದವು. ಅವರು ಅತ್ತ ಒಮ್ಮೆ ತಿರುಗಿ, “ಯಾಕೋ ಬಾಳ ಕೆಮ್ಮಾಕತ್ತಾವಲ್ಲೋ ಇವು?” ಎಂದರು.

“ರವದಿ ಧೂಳ್ರಿ ಸಾವ್ಕಾರ್ರ.”

“ಹೌದೇನವಾ? ನೀ ಕಲತಾಕಿ ಅದಿ, ಹೇಳು. ಧೂಳಿಗೆ ಹಿಂಗ ಕೆಮ್ಮತಾವೇನು?”

ಅಣ್ಣ ನನ್ನತ್ತ ನೋಡಲಿಲ್ಲ, ನೆಲ ನೋಡುತ್ತಿದ್ದ. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು.

“ಧೂಳಿಗೂ ಕೆಮ್ಮತಾವ್ರಿ,” ಎಂದೆ.

ಸುಳ್ಳಲ್ಲ, ಖರೆಯೂ ಅಲ್ಲ. ಅಷ್ಟರಲ್ಲಿ ಕರೆಂಟು ಬಂದು ದೂರದ ಶೆಡ್ಡಿನಲ್ಲಿ ದೀಪ ಹತ್ತಿತು. ಮಾಲೀಕರು ಧೋತರ ಎತ್ತಿಕೊಂಡು ಮೋಟರ್ ಚಾಲೂ ಮಾಡಲು ಹೋದರು.

ನಮ್ಮ ಮಾತು ಕೇಳಿಸದಷ್ಟು ದೂರ ಅವರು ಹೋದ ಮೇಲೆ ನಾನು ಎದ್ದು ಬಲೆಯ ಹತ್ತಿರ ಹೋದೆ. ಕುರಿಗಳು ತಲೆ ಕೆಳಗೆ ಹಾಕಿ ನಿಂತಿದ್ದವು. ಮೂಗಿನ ಹೊಳ್ಳೆ ಕಟ್ಟಿ ಬಾಯಿಂದ ಉಸಿರಾಡುತ್ತಿದ್ದವು. ಹೊಸಬರು ಬಂದರೆ ಓಡಬೇಕಾದ ಮರಿಗಳು ಕುಳಿತಲ್ಲೇ ಕುಳಿತಿದ್ದವು. ನನಗೆ ಅಳು ಬಂತು. ಅಳು ಬಂದರೆ ನಾನು ಬೈಯುತ್ತೇನೆ, ಅದೂ ನನ್ನ ಜಾಯಮಾನ.

“ಕಣ್ಣ ಕಾಣವಲ್ವೇನ ನಿನಗ? ಡಾಕ್ಟರ್‌ಗ ಹೇಳಾಕ ಏನ್ ಬ್ಯಾನಿ ಬಂದಿತ್ತು? ಸೊನ್ನಿ ತುಂಬಿ ಕಳಸೀದಿ, ಸೊನ್ನಿ!”

“ಹೇಳಿದ್ರ ಏನ್ ಆಕ್ಕೇತಿ ಗೊತ್ತೈತಿ?” ಅಣ್ಣನ ದನಿ ಸಣ್ಣದಾಗಿತ್ತು. “ಸಂಜೀಕ ಈ ಹೊಲಾ ಬಿಡಸ್ತಾರ. ಈ ದಂಡಿ ಉದ್ದಕ್ಕೂ ಯಾರೂ ಒಳಗ ಬಿಡಂಗಿಲ್ಲ. ನಡ್ಯಾಕ ಬರದ ಕುರಿ ಹೊಡ್ಕೊಂಡು ಹೈವೇಕ ನಿಂದ್ರಲೇನು? ಜೀಪ್ ಬಂದು ಹೊಲದಾಗ ನಿಂತಿತಂದ್ರ ಮುಗೀತು ನನ್ನ ಬಾಳೇವು. ಮುಂದಿನ ವರ್ಷಾ ಯಾರ ಕರೀತಾರ ನನ್ನ?”

ಅವನು ಹೇಳಿದ್ದು ಅಷ್ಟೂ ಖರೆ. ನಮ್ಮ ಸಮೀಕ್ಷೆಯ ಯಾವ ಪುಟದಲ್ಲೂ ಖರೆ ಹೇಳಿದರೆ ನಿನಗೇನಾಗುತ್ತದೆ ಎಂಬ ಪ್ರಶ್ನೆ ಇರಲಿಲ್ಲ. ನಾಲ್ಕು ವಿಭಾಗದವರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

“ಕಾಕಾ ನಾಳಿ ಬರ್ತಾನಲ್ಲ,” ಎಂದೆ.

“ಅವನ ಕುರಿ ಗಟ್ಟಿ ಅದಾವ.”

“ಅಣ್ಣಾ.”

ಅವನು ಮುಖ ತಿರುಗಿಸಿದ. ನಾನು ಮೊಬೈಲು ಹೊರಗೆ ತೆಗೆದೆ. “ನೀ ಹೇಳಲಿಲ್ಲಂದ್ರ ನಾ ಈಗಽ ಕಾಕಾಗ ಹಚ್ಚತೇನಿ.”

“ಹಚ್ಚು. ನಮ್ಮ ತಂಗೀನಽ ನಮ್ಮ ಮಾನಾ ಕಳದ್ಲು ಅಂತೇನಿ.”

ನಾನು ಕಾಕಾನ ಹೆಸರು ಹುಡುಕಿ ತೆಗೆದೆ. ಆಗ ವೈನಿ ಒಲೆಯ ಮುಂದಿನಿಂದ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು, ಸೊಂಟಕ್ಕೆ ಸಿಗಿಸಿದ್ದ ತನ್ನ ಮೊಬೈಲು ತೆಗೆದು ಅಣ್ಣನ ಎದುರಿಗೆ ನೆಲದಲ್ಲಿ ಕುಳಿತಳು. ತುಂಬಿದ ಉತ್ತರವನ್ನು ಲಿಂಕ್ ಮುಚ್ಚುವವರೆಗೂ ತಿದ್ದಬಹುದು ಎಂದು ನನ್ನ ಸಂದೇಶದಲ್ಲಿ ಹೇಳಿದ್ದೆ. ಅದನ್ನು ನೆನಪಿಟ್ಟವಳು ಅವಳೊಬ್ಬಳೇ ಇರಬೇಕು.

“ಓದ್ತೇನ್ರಿ,” ಎಂದಳು ಗಂಡನಿಗೆ. “ಹೇಳಿದ್ರ ಹೇಳ್ರಿ. ಬಿಟ್ರ ಬಿಡ್ರಿ. ಆದ್ರ ಸೊನ್ನಿ ಮಾತ್ರ ಇನ್ನೊಮ್ಮಿ ನನ್ನ ಕೈಲಿ ಒತ್ತಸಬ್ಯಾಡ್ರಿ.”

ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ಕಳೆದ ತಿಂಗಳಲ್ಲಿ ಎಷ್ಟು ಕುರಿ ಸತ್ತಿವೆ?’ ನಾನು ಎಷ್ಟೋ ಸಲ ತಿದ್ದಿದ್ದ ವಾಕ್ಯ ಅದು. ಆ ಹೊಲದಲ್ಲಿ, ಅವಳ ಬಾಯಲ್ಲಿ ಕೇಳಿದಾಗ ಅದನ್ನು ಬರೆದ ಕೈ ಕತ್ತರಿಸಬೇಕು ಎನಿಸಿತು.

ಅಣ್ಣ ಕುರಿಗಳ ಕಡೆ ತಿರುಗಿದ. ಅಂಕಿ ಹೇಳಲಿಲ್ಲ, “ಕರೀ ಕಿವೀದು,” ಎಂದ.

ವೈನಿ ಒಂದು ಬೆರಳು ಮಡಿಚಿದಳು.

“ಕುಂಟಿ ಮಗಳು. ಅದರ ಮರಿ. ಕೊಂಬ ಮುರದ ಟಗರು.” ಬೆರಳುಗಳು ಮಡಿಚಿಕೊಂಡವು. “ಮಳ್ಯಾಗ ಹುಟ್ಟಿದ್ದಲ್ಲ, ಬಿಳೀ ಮಾರೀದು, ಅದು. ಅದರ ಬಾಜೂ ಮಲಗತಿತ್ತಲ್ಲ, ಅದು.” ಸ್ವಲ್ಪ ನಿಲ್ಲಿಸಿದ. “ಅವ್ವ ತವರಿಂದ ತಂದ ಕುರಿ ಇತ್ತಲ್ಲ, ಆ ಬಳ್ಳ್ಯಾಗಿಂದು ಕಡೀದು. ಅದೂ ಹೋತು.”

ಹೀಗೇ ಹೇಳುತ್ತ ಹೋದಂತೆ ವೈನಿಯ ಎರಡೂ ಕೈಯ ಬೆರಳು ಮುಗಿದವು. ಅವಳು ಬೆರಳು ಬಿಚ್ಚಿ ಮತ್ತೆ ಮೊದಲಿನಿಂದ ಮಡಿಚತೊಡಗಿದಳು. ಅಣ್ಣ ಹೇಳುತ್ತಲೇ ಇದ್ದ. ಯಾವುದನ್ನೂ ಮರೆತಿರಲಿಲ್ಲ. ಮುಗಿದ ಮೇಲೆ ಅವಳು ಬಾಯಿ ಬಿಡದೆ ಅಂಕಿ ಒತ್ತಿದಳು. ನಾನು ಪರದೆ ನೋಡಲಿಲ್ಲ.

ಕಡೆಯ ಪ್ರಶ್ನೆ ಉಳಿದಿತ್ತು. ಪಶುವೈದ್ಯರು ನೆರವಿಗೆ ಬರಬೇಕಾದರೆ ನೀವಿರುವ ನಿಖರ ಜಾಗ ತೋರಿಸಲು ಒಪ್ಪುತ್ತೀರಾ ಎಂದು. ವೈನಿ ಓದಿ, ಬೆರಳು ಎತ್ತಿ ಹಿಡಿದು ಗಂಡನ ಮುಖ ನೋಡಿದಳು. ಲಿಂಕ್ ಮುಚ್ಚಲು ಹೆಚ್ಚು ಹೊತ್ತು ಉಳಿದಿರಲಿಲ್ಲ.

“ತಡಿ,” ಎಂದ ಅಣ್ಣ.

ಎದ್ದು, ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು, ಮೋಟರ್ ಶೆಡ್ಡಿನ ಕಡೆ ನಡೆದ. ನಾವು ಇಬ್ಬರೂ ಕುಳಿತಲ್ಲಿಂದ ನೋಡಿದೆವು. ಮೋಟರಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಅಣ್ಣ ಕೈ ಮುಗಿದದ್ದು ಕಂಡಿತು. ಮಾಲೀಕರು ಎರಡು ಹೆಜ್ಜೆ ಹಿಂದೆ ಸರಿದದ್ದು ಕಂಡಿತು. ಆಮೇಲೆ ಅವರ ಕೈ ಎದ್ದಿತು, ಹೊಡೆಯುತ್ತಾರೇನೋ ಎಂದು ವೈನಿ ನನ್ನ ಮಣಿಕಟ್ಟು ಹಿಡಿದಳು. ಹೊಡೆಯಲಿಲ್ಲ. ಕೈ ರಸ್ತೆಯ ಕಡೆ ತೋರಿಸಿ ಹಾಗೇ ನಿಂತಿತು.

ಅಣ್ಣ ತಿರುಗಿ ಬಂದ. ನಮ್ಮ ಮುಖ ನೋಡದೆ, “ಒತ್ತು,” ಎಂದ. ಒತ್ತಿದ್ದನ್ನು ನೋಡಲೂ ನಿಲ್ಲದೆ ಬಲೆಯ ಗೂಟ ಕೀಳಲು ಹೋದ.

ಪರದೆಯ ಮೇಲೆ ‘ನಿಮ್ಮ ಉತ್ತರಕ್ಕೆ ಧನ್ಯವಾದಗಳು’ ಎಂದು ಬಂತು. ಅದನ್ನೂ ನಾನೇ ಬರೆದಿದ್ದೆ.

ನಾವು ಮೂವರೂ ಸೇರಿ ಹಿಂಡನ್ನು ನದಿಯಿಂದ ದೂರದ, ಏನೂ ಬೆಳೆಯದ ಒಂದು ಗರಸು ನೆಲಕ್ಕೆ ಹೊಡೆದೆವು. ನಡೆಯಲಾರದವನ್ನು ಹೊತ್ತೆವು. ಒಂದು ಮರಿ ನನ್ನ ತೋಳಿನಲ್ಲಿ ಬಿಸಿಯಾಗಿ ಉಸಿರಾಡುತ್ತಿತ್ತು. ಇಳಿಸುವಾಗ ಬಿಸಿ ಇತ್ತು, ಉಸಿರು ಇರಲಿಲ್ಲ. ದಾರಿಯಲ್ಲಿ ಅಣ್ಣ ತಾನೇ ಕಾಕಾನಿಗೆ ಫೋನ್ ಮಾಡಿದ. “ಕಾಕಾ, ಅಲ್ಲೇ ನಿಂದ್ರು. ಬರಬ್ಯಾಡ. ನನ್ನ ಕುರಿಗೆ ಬ್ಯಾನಿ ಬಂದೈತಿ.” ಆ ಕಡೆಯಿಂದ ಏನು ಬಂತೋ, ಅಣ್ಣ ಸುಮ್ಮನೆ ನಡೆಯುತ್ತ ಕೇಳಿಸಿಕೊಂಡ. ಕಾಕಾ ಬೈದಿರಬೇಕು. ಬೈಯಲಿ ಎಂದುಕೊಂಡೆ, ಬೈಯುವುದಕ್ಕೆ ಅವನ ಹಿಂಡು ಉಳಿಯಿತಲ್ಲ.

ಶನಿವಾರ ಸರಕಾರಿ ಪಶುವೈದ್ಯರ ಜೀಪು ಬಂತು. ಕಾಕಾನ ಹಿಂಡಿಗೆ ಹುಕ್ಕೇರಿ ಹತ್ತಿರವೇ ಲಸಿಕೆ ಬಿತ್ತು, ಸುತ್ತಲಿನ ಹಿಂಡುಗಳಿಗೂ ಬಿತ್ತು. ಅಣ್ಣನ ಕುರಿಗಳಿಗೆ ಔಷಧ ಕೊಟ್ಟರು, ಕೆಲವು ಉಳಿದವು. ಕಾಕಾ ಕುರಿ ಬಿಟ್ಟು ಒಬ್ಬನೇ ಬಂದು, ಗರಸು ನೆಲದ ಅಂಚಿನಲ್ಲಿ ಅಣ್ಣನಿಂದ ದೂರ ಕುಳಿತು, ಅಲ್ಲಿಂದಲೇ ಇಡೀ ದಿನ ಮಾತಾಡಿ ಹೋದನಂತೆ. ಆ ಹೊಲದ ಮಾಲೀಕರು ಮತ್ತೆ ಕರೆದಿಲ್ಲ, ಆ ದಂಡೆಯಲ್ಲಿ ಬೇರೆ ಯಾರೂ ಕರೆದಿಲ್ಲ. ಅಣ್ಣ ಹೇಳಿದ್ದು ಹೇಳಿದಂತೆಯೇ ಆಯಿತು.

ಮುಂದೆ ಗೋಕಾಕದ ಅದೇ ಕೋಣೆಯಲ್ಲಿ ಸಭೆ ಸೇರಿತು. ಪರದೆಯ ಮೇಲೆ ನಕಾಶೆ, ಹಸಿರಿನ ನಡುವೆ ಸಂಕೇಶ್ವರದ ಹತ್ತಿರ ಒಂದು ಕೆಂಪು ಚುಕ್ಕೆ. ಪಶುವೈದ್ಯ ಸರ್ ಕೋಲಿನಿಂದ ಅದನ್ನು ಮುಟ್ಟಿ ತೋರಿಸಿದರು.

“ನೋಡ್ರಿ, ಮನ್ಯಾಗ ಕುಂತು ಒಂದು ಲಿಂಕ್ ಕಳಿಸಿದ್ವಿ, ರೋಗ ಹಬ್ಬೂದನ್ನ ಹಿಡದು ನಿಂದ್ರಿಸಿದ್ವಿ. ಇದನ್ನ ಲೇಖನದಾಗ ಒತ್ತಿ ಬರೀಬೇಕು.” ಉಳಿದವರು ತಲೆಯಾಡಿಸಿದರು. ನನ್ನ ಕೈಯಲ್ಲಿದ್ದ ಪೆನ್ನನ್ನು ಮೇಜಿಗೆ ಎಸೆಯಬೇಕು ಎನಿಸಿತು. ಆ ಚುಕ್ಕೆ ಯಾರ ಮನೆಯದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾತು ಕೊಟ್ಟಿದ್ದೆ, ಉಳಿಸಿಕೊಂಡಿದ್ದೆ. ಹಾಗಾಗಿ ಪೆನ್ನು ಕೈಯಲ್ಲೇ ಉಳಿಯಿತು.

“ಮೇಡಂ, ನೀವು ಆ ಕಡೆಯವರು,” ಎಂದರು ಸರ್ ನನ್ನ ಕಡೆ ತಿರುಗಿ. “ಆ ಹಿಂಡಿನ್ಯಾಗ ಈಗ ಎಷ್ಟು ಕುರಿ ಉಳದಾವಂತ ಯಾರ ಕಡೆಯಿಂದರ ಗೊತ್ತಾಕ್ಕೇತೇನು? ಒಂದು ಅಂಕಿ ಸಿಕ್ರ ಲೇಖನಾ ಪೂರ್ತಿ ಆಗತೈತಿ.”

ಗೊತ್ತಿತ್ತು. ಹಿಂದಿನ ದಿನ ಅಣ್ಣ ಫೋನ್ ಮಾಡಿದಾಗ, ನಾನು ಕೇಳದೆಯೇ, ಹುಟ್ಟಿದ ಮೇಲೆ ಮೊದಲ ಸಲ, ಬಾಯಿ ಬಿಟ್ಟು ಹೇಳಿದ್ದ. ಇನ್ನು ಮುಚ್ಚಿಡುವುದಕ್ಕೆ ಏನಿದೆ ಎಂಬಂತೆ ಹೇಳಿದ್ದ. ಆ ಸಂಖ್ಯೆ ನನ್ನ ನಾಲಿಗೆಯ ತುದಿಯಲ್ಲಿ ಇತ್ತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಅದಾವ್ರಿ ಸರ್,” ಎಂದೆ. “ದೇವರು ಕೊಟ್ಟಷ್ಟು.”